417ರ ಜಾಗದಲ್ಲಿ ಒಂದು ಕಾರ್ಡು

ಮಂಗಳವಾರ ಬೆಳಗ್ಗೆ 10.20ಕ್ಕೆ ಆಸ್ಪತ್ರೆಯ ಲ್ಯಾಬಿನ ಡಾಕ್ಟರಮ್ಮ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕಳುವಾದದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ತುಂಡು, ನಂಬರ್ 417. ಜೊತೆಗೆ, ಅದರಿಂದ ತೆಳ್ಳಗೆ ಸೀಳಿದ ಪದರವನ್ನು ಅಂಟಿಸಿ ಬಣ್ಣ ಹಾಕಿದ್ದ ಒಂದು ಗಾಜಿನ ಸ್ಲೈಡು.

"ಮೇಣ ಕದಿಯೋಕೆ ಯಾರ್ ಬರ್ತಾರೆ ಮೇಡಂ? ಕರೆಂಟ್ ಹೋಗಿತ್ತಾ?" ಎಂದ ಕಾನ್‌ಸ್ಟೇಬಲ್.

ಡಾಕ್ಟರಮ್ಮ ನಗಲಿಲ್ಲ. "ಒಬ್ಬ ಹೆಂಗಸಿನ ಸ್ತನದಿಂದ ತೆಗೆದ ಕ್ಯಾನ್ಸರ್ ಗಡ್ಡೆಯ ಚೂರನ್ನ ಕೆಡದ ಹಾಗೆ ಅದರೊಳಗೆ ಹುದುಗಿಸಿಟ್ಟಿದೀವಿ. ಗಡ್ಡೆ ಪುಟ್ಟದು, ಉಳಿದಿರೋದು ಅದೊಂದೇ ಚೂರು. ಗುರುವಾರ ಹನ್ನೊಂದಕ್ಕೆ ಅವಳಿಗೆ ಔಷಧಿ ಶುರು ಮಾಡ್ಬೇಕು. ಯಾವ ಔಷಧಿ ಅಂತ ಆ ಚೂರೇ ಹೇಳ್ಬೇಕು."

ಕಾನ್‌ಸ್ಟೇಬಲ್ ಕುರ್ಚಿ ಎಳೆದುಕೊಟ್ಟ.

"ಬಿಡಿಸಿ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಕೆಲವರ ಗಡ್ಡೆಯ ಕೋಶಗಳ ಮೈಮೇಲೆ ಒಂದು ಪ್ರೋಟೀನ್ ವಿಪರೀತ ಇರುತ್ತೆ ಸರ್. ಬೆಳೀರಿ, ಹೊರಡಿ ಅಂತ ಒಂದೇ ಸಮ ಹೇಳ್ತಾ ಇರುತ್ತೆ. ಅವು ಗಡ್ಡೆ ಬಿಟ್ಟು ರಕ್ತಕ್ಕೆ ಇಳೀತವೆ. ಆಮೇಲೆ ಮೂಳೆ, ಶ್ವಾಸಕೋಶ, ಮಿದುಳು. ಬಣ್ಣ ಹಾಕಿದ್ರೆ ಆ ಪ್ರೋಟೀನ್ ಕಂದಾಗಿ ಕಾಣುತ್ತೆ. ನಿನ್ನೆ ಸಂಜೆ ಸ್ಲೈಡ್ ಒಣಗೋಕಿಟ್ಟು ಹೋದೆ. ಬೆಳಗ್ಗೆ ನೋಡೋಣ ಅಂತ ಬಂದ್ರೆ ಇಲ್ಲ."

11.05ಕ್ಕೆ FIR ದಾಖಲಾಯಿತು. 12.10ಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪಂಚನಾಮೆ ಶುರುವಾಯಿತು. ಕಿಟಕಿ ಇಲ್ಲದ ಕೋಣೆ. ಗೋಡೆಯಿಂದ ಗೋಡೆಗೆ ಕಬ್ಬಿಣದ ಡ್ರಾಯರುಗಳು. ಬೀಗ ಒಡೆದಿರಲಿಲ್ಲ.

ಅವುಗಳನ್ನು ನೋಡಿಕೊಳ್ಳುವವನು ಇಪ್ಪತ್ತೆರಡು ವರ್ಷದ ಸರ್ವಿಸಿನ ಹಿರಿಯ. ಲ್ಯಾಬಿನಲ್ಲಿ ಎಲ್ಲರೂ 'ಡ್ರಾಯರ್ ಮಾವ' ಎನ್ನುತ್ತಿದ್ದರು.

"ಮೇಲಿನ ಶೆಲ್ಫು ಚಿಕಿತ್ಸೆಲಿರೋರದು ಸಾರ್," ಎಂದು ತೋರಿಸಿದ.

"ಕೆಳಗಿನದು?"

"ಫೈಲ್ ಮುಗಿದೋರದು."

ಕಾನ್‌ಸ್ಟೇಬಲ್ ತನ್ನ ಬೂಟುಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಕೆಳಗಿನ ಶೆಲ್ಫು ಮೇಲಿನದಕ್ಕಿಂತ ಬಹಳ ಉದ್ದವಿತ್ತು.

ಇನ್‌ಸ್ಪೆಕ್ಟರ್ ಡ್ರಾಯರು ಎಳೆದರು. 416 ಮತ್ತು 418ರ ನಡುವೆ ಹಳದಿ ಕಾರ್ಡೊಂದು ನೆಟ್ಟಗೆ ನಿಂತಿತ್ತು. ಪೆನ್ಸಿಲಿನಲ್ಲಿ '417', ನಿನ್ನೆಯ ತಾರೀಖು.

"ಇದೇನು?"

"ಯಾರಾದ್ರೂ ತುಂಡು ತಗೊಂಡ್ರೆ ಆ ಜಾಗಕ್ಕೆ ಕಾರ್ಡ್ ಇಡೋದು," ಎಂದರು ಡಾಕ್ಟರಮ್ಮ. "ಇಲ್ದಿದ್ರೆ ಸಾಲು ವಾಲುತ್ತೆ. ತಗೊಂಡೋರ ಹೆಸರೂ ಬರೀಬೇಕು."

ಹೆಸರಿನ ಜಾಗ ಖಾಲಿಯಿತ್ತು.

ಕದ್ದವನು ಸಾಲು ವಾಲದಂತೆ ನೋಡಿಕೊಂಡು ಹೋಗಿದ್ದ. ಇನ್‌ಸ್ಪೆಕ್ಟರ್ ತಲೆಯೆತ್ತಿದರು. ಪಕ್ಕದ ಡ್ರಾಯರಿನಲ್ಲಿ ತುಸು ಓರೆಯಾಗಿದ್ದ ತುಂಡನ್ನು ಮಾವನ ಬೆರಳು ತಾನಾಗಿ ಸರಿಮಾಡುತ್ತಿತ್ತು.

"ಕಳ್ಳ ಕಾರ್ಡ್ ಇಟ್ಟು ಹೋಗ್ತಾನೇನ್ರೀ?"

ಮಾವನ ಬೆರಳು ನಿಂತಿತು. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ತೆಗೀರಿ. ಸ್ಪೀಕರ್ ಹಾಕಿ."

"ಅಪ್ಪಾ," ಹೆಣ್ಣುದನಿ, "ನನ್ ರಿಪೋರ್ಟ್ ಬಂತಾ? ನಂಗೆ ತುಂಬಾ ಭಯ ಆಗ್ತಿದೆ. ನೀನ್ ಅಲ್ಲೇ ಇದೀಯಲ್ಲ, ಸ್ವಲ್ಪ ಕೇಳು."

ಮಾವ ಫೋನ್ ಇಟ್ಟು ನೆಲದ ಮೇಲೆ ಕೂತುಬಿಟ್ಟ.

"ಮಗಳಾ?"

"ಹೂಂ ಸಾರ್. ಡಾಕ್ಟರ್ ಥರ ಸ್ಲೈಡ್ ಓದೋಕೆ ನಂಗೆ ಬರಲ್ಲ, ಆದ್ರೆ ಬಣ್ಣ ಗೊತ್ತು. ಸ್ಲೈಡು ಪೂರ್ತಿ ಕಂದು. ಸೇರಿದ ಹೊಸದರಲ್ಲಿ ನೋಡಿದೀನಿ, ಕಂದು ಬಂದೋರನ್ನ ಎರಡೇ ವರ್ಷಕ್ಕೆ ಈ ಕೈಯಲ್ಲೇ ಕೆಳಗಿನ ಶೆಲ್ಫಿಗೆ ಇಳಿಸಿದೀನಿ. ಕಾಗದದಲ್ಲಿ ಬರದೇ ಇದ್ರೆ ಅವಳಾದ್ರೂ ಇರೋಷ್ಟು ದಿನ ನೆಮ್ಮದಿಯಾಗಿರ್ಲಿ ಅಂತ..."

"ಮಾವಾ!" ಡಾಕ್ಟರಮ್ಮ ಅವನೆದುರು ಕುಕ್ಕರಿಸಿದರು. "ಅದು ಆಗಿನ ಕಾಲ. ಈಗ ಆ ಪ್ರೋಟೀನನ್ನೇ ಹಿಡಿಯೋ ಔಷಧಿ ಇದೆ. ಕಂದು ಬಂದಿದೆ ಅಂತ ನಾನು ಬರೆದ್ರೇನೇ ಅದನ್ನ ಕೊಡೋದು. ತುಂಡು ಎಲ್ಲಿ?"

ಅವನು ಗೋಡೆ ಹಿಡಿದು ಎದ್ದ. "ಮನೇಲಿ."

ಜೀಪು ಹೊರಟಿತು. ಹೊರಗೆ ಮೇಣ ಕರಗುವಂಥ ಬಿಸಿಲು. 1.40ಕ್ಕೆ ಮನೆ. ಫ್ರಿಜ್ಜಿನ ಹಿಂಬದಿಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಹತ್ತಿ, ಹತ್ತಿಯಲ್ಲಿ 417, ಪಕ್ಕದಲ್ಲೇ ಆ ಸ್ಲೈಡು. ಮೇಣದ ಒಂದು ಮೂಲೆ ಕರಗಿ ಗಟ್ಟಿಯಾಗಿತ್ತು. ಡಾಕ್ಟರಮ್ಮ ಬೆಳಕಿಗೆ ಹಿಡಿದು, ಉಸಿರುಬಿಟ್ಟು ತಲೆಯಾಡಿಸಿದರು. ಒಳಗಿನ ಚೂರು ಹಾಗೇ ಇತ್ತು.

"ಎರಡು ಸಲ ಒಲೆ ಹತ್ರ ಹಿಡಿದೆ ಸಾರ್," ಎಂದ ಮಾವ. "ಮಗಳ ಮೈ ಅಲ್ವಾ. ಕೈ ಬರ್ಲಿಲ್ಲ."

2.15ಕ್ಕೆ ಬಂಧನ. ಕೇಸ್ ಡೈರಿಯಲ್ಲಿ 'ಉದ್ದೇಶ' ಎಂಬಲ್ಲಿ ಇನ್‌ಸ್ಪೆಕ್ಟರ್ 'ಭಯ' ಎಂದಷ್ಟೇ ಬರೆದರು. ಬುಧವಾರ ಮಾವನನ್ನು ಕೋರ್ಟಿಗೆ ಹಾಜರುಪಡಿಸಿ ಎರಡು ದಿನದ ಕಸ್ಟಡಿ ಪಡೆದರು; ಕೋರ್ಟಿನ ಅಪ್ಪಣೆಯಿಂದ ಅಂದೇ ತುಂಡನ್ನೂ ಸ್ಲೈಡನ್ನೂ ಲ್ಯಾಬಿಗೆ ಮರಳಿಸಿದರು.

ಗುರುವಾರ 11.30ಕ್ಕೆ ಕಾನ್‌ಸ್ಟೇಬಲ್ ಲಾಕಪ್ಪಿನ ಸರಳಿನ ಬಳಿ ಬಂದ. "ಶುರು ಮಾಡಿದ್ರಂತೆ. ಅದೇ ಔಷಧಿ."

"ಗುಣ ಆಗುತ್ತಂತಾ?"

"ಡಾಕ್ಟರಮ್ಮ ಆಸೆ ಇದೆ ಅಂದ್ರು. ಅದಕ್ಕಿಂತ ಹೆಚ್ಚು ಹೇಳ್ಲಿಲ್ಲ."

ಮಾವ ಸರಳು ಹಿಡಿದುಕೊಂಡ. "ತುಂಡು ಎಲ್ಲಿಟ್ರು?"

"ಮೇಲಿನ ಶೆಲ್ಫಲ್ಲೇ. ಆ ಕಾರ್ಡ್ ತೆಗೆದು, ಅದರ ಜಾಗದಲ್ಲೇ."