ಹಾಲುತುಪ್ಪದ ದಿನ ಹಚ್ಚದ ಬೀಡಿ

"ಹಚ್ಚಲೇ ಸಿದ್ದಾ! ನಿಮ್ಮಪ್ಪ ಬಾಯಿ ಒಣಗಿಸ್ಕೊಂಡು ಮಣ್ಣಾಗೆ ಮಲಗ್ಯಾನೆ... ಒಂದು ಬೀಡಿ ಹಚ್ಚಿಕೊಡಾಕೂ ನಿನ್ನ ಕೈಲಿ ಆಗಲ್ಲೇನೋ!"

ಕಾಳವ್ವನ ಕೂಗಿಗೆ ಕೊಕ್ಕನೂರಿನ ಹೊಲದಂಚಿನಲ್ಲಿ ನೆರೆದಿದ್ದ ನೆಂಟರೆಲ್ಲ ಅತ್ತ ತಿರುಗಿದರು. ಗಂಡ ದುರುಗಣ್ಣನನ್ನು ಮಣ್ಣು ಮಾಡಿ ಮೂರನೇ ದಿನ. ಹಾಲುತುಪ್ಪ ಬಿಟ್ಟಾಗಿತ್ತು. ಅವನಿಗೆ ಇಷ್ಟವಾದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಬೆಲ್ಲದ ಚಹಾ ಬಾಳೆ ಎಲೆಯ ಮೇಲೆ ಕುಳಿತಿದ್ದವು. ಬೀಡಿಯೊಂದೇ ಬಾಕಿ. ಸತ್ತವರು ಸೇದುವವರಾಗಿದ್ದರೆ ಹಿರಿಯ ಮಗ ತನ್ನ ಬಾಯಲ್ಲಿ ಒಂದು ದಮ್ಮು ಎಳೆದು, ಹೊಗೆಯಾಡುವ ಬೀಡಿಯನ್ನು ಎಡೆ ಇಡಬೇಕು. ಅದು ಆ ಮನೆತನದ ಪದ್ಧತಿ.

ಬೀಡಿ ಹಿರಿಯ ಮಗ ಸಿದ್ದೇಶನ ಬೆರಳ ನಡುವೆ ಇತ್ತು. ಅದನ್ನು ನೋಡುತ್ತ ನಿಂತ ಅವನ ಹೆಂಡತಿ ಪುಷ್ಪಲತಾ ಒಂದು ಹೆಜ್ಜೆ ಮುಂದೆ ಬಂದಳು.

ಅವಳಿಗೆ ಮಾತ್ರ ಗೊತ್ತಿತ್ತು, ಆ ಒಂದು ದಮ್ಮಿನ ಬೆಲೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುವ ಗಂಡ ಭಟ್ಟಿಯ ಕೆಂಡದಲ್ಲೇ ಬೀಡಿ ಹಚ್ಚಿಕೊಂಡು, ರಾತ್ರಿಯೆಲ್ಲ ಕೆಮ್ಮಿ ರಕ್ತ ಉಗುಳಿದ್ದನ್ನು ಕಂಡವಳು ಅವಳು. ಆಸ್ಪತ್ರೆಯ ತಂಬಾಕು ಬಿಡಿಸುವ ಕೇಂದ್ರಕ್ಕೆ ಎಳೆದುಕೊಂಡು ಹೋದವಳೂ ಅವಳೇ. ಬಿಟ್ಟ! ಆದರೆ ತಮ್ಮನ ಮದುವೆಯಲ್ಲಿ ಬೀಗರು ಕೊಟ್ಟರೆಂದು ಒಂದೇ ಒಂದು ಸೇದಿದ; ತಿಂಗಳು ತುಂಬುವುದರೊಳಗೆ ಮತ್ತೆ ಕಟ್ಟುಗಟ್ಟಲೆ ಸೇದತೊಡಗಿದ. ಅವತ್ತು ಪುಷ್ಪ ಬಾಯಿಗೆ ಬಂದಂತೆ ಬೈದಿದ್ದಳು. ಕೇಂದ್ರದ ಸಲಹೆಗಾರ್ತಿ ನಿರ್ಮಲಮ್ಮ ಮಾತ್ರ ಬೈಯಲಿಲ್ಲ. "ಜಾರಿದ್ರೆ ಬುಡದಿಂದ ಹತ್ತಬೇಕು ಅಂತೇನಿಲ್ಲ ಸಿದ್ದೇಶಣ್ಣ. ಜಾರಿದಲ್ಲಿಂದಲೇ ಏಳ್ರಿ," ಎಂದಿದ್ದರು ಅಷ್ಟೇ. ಅವನು ಎದ್ದ. ಆಮೇಲೆ ವರ್ಷಗಳೇ ಉರುಳಿದವು. ಭಟ್ಟಿಗೆ ರಜೆ ಹಾಕಿ ಈಗಲೂ ಅವನು ಕೇಂದ್ರದಲ್ಲಿ ಬೀಡಿ ಬಿಟ್ಟವರು ಸೇರುವ ಸಭೆಗೆ ಹೊರಟರೆ, "ಬಿಟ್ಟಾಯ್ತಲ್ಲ, ವಾಸಿಯಾದ ಮೇಲೂ ಯಾರಾದ್ರೂ ಆಸ್ಪತ್ರಿಗೆ ಹೋಗ್ತಾರಾ?" ಎಂದು ಅವಳು ಗೊಣಗುತ್ತಿದ್ದಳು.

"ಅತ್ತೆ, ಅವರು ಬಾಯಿಗೆ ಇಡೋದು ಬ್ಯಾಡ... ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಈಗ.

"ನೀನು ಸುಮ್ಕಿರು! ಬದುಕಿದ್ದಾಗ ಅಪ್ಪನಿಂದ ಮಗನ್ನ ಕಿತ್ಕೊಂಡು ಪ್ಯಾಟೆ ಸೇರ್ದೋಳು, ಸತ್ತ ಮ್ಯಾಲೂ ಬಿಡಲ್ವೇನೇ?"

ದುರುಗಣ್ಣನ ತಮ್ಮ, ಅವಳ ಚಿಕ್ಕಮಾವ, ನಕ್ಕ. "ಹೆಣ್ತಿ ಪರ್ಮಿಶನ್ ಬೇಕೇನಲೇ ಸಿದ್ದ? ಒಂದು ದಮ್ಮಿಗೆ ನೀನೇನು ಸಾಯಲ್ಲ ತಗಾ!"

ಸಿದ್ದೇಶ ಬೀಡಿಯನ್ನು ತುಟಿಯ ಹತ್ತಿರ ತಂದ. ಪುಷ್ಪ ಕಣ್ಣು ಮುಚ್ಚಿದಳು... ದೇವರೇ!

ಕಡ್ಡಿ ಗೀರಿದ ಸದ್ದು ಬರಲಿಲ್ಲ. ಕಣ್ಣು ತೆರೆದರೆ, ಗಂಡ ಜೇಬಿನಿಂದ ಫೋನು ತೆಗೆದು ನಂಬರು ಒತ್ತಿ ಸ್ಪೀಕರ್ ಹಾಕುತ್ತಿದ್ದ.

"ಹೇಳ್ರಿ ಸಿದ್ದೇಶಣ್ಣ," ನಿರ್ಮಲಮ್ಮನ ದನಿ. ಹಿಂದೆಲ್ಲೋ ಕುಕ್ಕರು ಕೂಗಿತು.

"ಅಪ್ಪನ ಮಣ್ಣಿನ ಹತ್ರ ಇದೀನಿ ಮೇಡಂ... ಕೈಯಾಗೆ ಬೀಡಿ ಐತೆ."

"ಹಚ್ಚಿದ್ರಾ?"

"ಇನ್ನೂ ಇಲ್ಲ."

"ಅಪ್ಪ ಹೋದ ಮೇಲೆ ಅತ್ತಿದೀರೇನು?"

ಚಟ್ಟಕ್ಕೆ ಹೆಗಲು ಕೊಟ್ಟಾಗಲೂ ಅಳದಿದ್ದ ಸಿದ್ದೇಶ, ಮಣ್ಣಿನ ಮೇಲೆ ಕುಸಿದು, "ಅಪ್ಪಾ..." ಎಂದು ಮಗುವಿನಂತೆ ಅಳತೊಡಗಿದ! ಫೋನಿನ ಆ ಕಡೆ ನಿರ್ಮಲಮ್ಮ ಒಲೆ ಆರಿಸಿದ ಸದ್ದು ಕೇಳಿತು. ಅವರು ಅವಸರಪಡಿಸಲಿಲ್ಲ. ಫೋನು ಇಡಲೂ ಇಲ್ಲ.

ಪುಷ್ಪ ಆ ಫೋನನ್ನೇ ನೋಡಿದಳು. ಇದಕ್ಕೇನೆನ್ನಬೇಕು? ರಕ್ತಸಂಬಂಧವಲ್ಲ, ನೆಂಟಸ್ತಿಕೆಯಲ್ಲ. ಒಲೆಯ ಮೇಲಿನ ಅಡುಗೆ ಬಿಟ್ಟು, ಎಂದೋ ವಾಸಿಯಾದವನ ಅಳುವನ್ನು ಕಿವಿಗೊಟ್ಟು ಕೇಳುವ ಜೀವ! ಗಂಡನನ್ನು ಇಷ್ಟು ವರ್ಷ ಕಾಪಾಡಿದ್ದು ಅವನ ಹಟವೊಂದೇ ಎಂದುಕೊಂಡಿದ್ದ ತನ್ನ ತಿಳಿಗೇಡಿತನಕ್ಕೆ ಅವಳಿಗೆ ನಾಚಿಕೆಯಾಯಿತು.

ಕಾಳವ್ವ ಫೋನು ಎತ್ತಿಕೊಂಡಳು.

"ಯಾರವ್ವ ನೀನು? ಇವನು ಬೀಡಿ ಬಿಟ್ಟು ಎಷ್ಟೋ ಕಾಲ ಆತಲ್ಲ, ಇನ್ನೂ ಯಾಕ ಇವನ ಕಾಟ ತಡ್ಕೊಂಡೀಯ?"

"ಬಿಡೋದು ಒಂದು ದಿನದ ಕೆಲಸ ಅಜ್ಜಿ. ಬಿಟ್ಟು ಇರೋದು ಬದುಕಿರೋ ತನಕ. ಅಷ್ಟು ದೂರ ಒಬ್ಬರೇ ನಡಿಯೋದು ಹೆಂಗೆ ಹೇಳ್ರಿ?"

ಮುದುಕಿಯ ಸುಕ್ಕುಗಟ್ಟಿದ ಗಲ್ಲದ ಮೇಲೆ ನೀರು ಇಳಿಯಿತು.

"ಇವರಪ್ಪನೂ ಬಿಟ್ಟಿದ್ದ ಕಣವ್ವ... ಎರಡು ಸಲ. ಮತ್ತೆ ಹಚ್ಚಿದಾಗ ನಾನು, 'ನಿನ್ನ ಹಣೆಬರ ಇಷ್ಟೇ ಬಿಡು' ಅಂತ ನಕ್ಕೆ. ಅವನಿಗೆ ಯಾರೂ ಇರ್ಲಿಲ್ಲ... ಯಾರೂ ಇರ್ಲಿಲ್ಲ ನನ್ನವ್ವಾ!"

"ಅತ್ತಿಗೆ, ಹೊತ್ತಾಗ್ತೈತೆ. ನಾನೇ ಹಚ್ಚಲಾ?" ಎಂದು ಚಿಕ್ಕಮಾವ ಮುಂದೆ ಬಂದ.

"ದೂರ ನಿಲ್ಲು!" ಎಂದು ಗದರಿದ ಕಾಳವ್ವ ಫೋನನ್ನು ಸೊಸೆಯ ಕೈಗಿತ್ತಳು. ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಚ್ಚದ ಬೀಡಿಯನ್ನು ಹಾಗೆಯೇ ಬಾಳೆ ಎಲೆಯ ತುದಿಯಲ್ಲಿಟ್ಟಳು. ಆಮೇಲೆ ಹಸಿಮಣ್ಣನ್ನು ಅಂಗೈಯಿಂದ ಸವರುತ್ತ, ಮಲಗಿದವನನ್ನು ಎಬ್ಬಿಸದಂತೆ ಮೆಲ್ಲನೆ ಅಂದಳು:

"ಇಗಾ, ಇಟ್ಟೀನಿ. ಅಲ್ಲಿ ಬೆಂಕಿ ಸಿಕ್ರೆ ಸೇದು, ಬ್ಯಾಡ ಅನ್ನಲ್ಲ... ಸಿಗದಿದ್ರೆ ನೀನೂ ಬಿಟ್ಟುಬಿಡು ಮಾರಾಯ. ಈ ಸಲ ನಾನು ನಗಲ್ಲ."