ಬಣ್ಣ ಕಾಣದ ಕಣ್ಣು

"ಏನಾದ್ರೂ ಮಾಡ್ರಿ ಸಾವ್ಕಾರ್ರೆ, ಆಯಮ್ಮನ ಕೈಲಿ ದೀಪ ಮಾತ್ರ ಆರಿಸಬೇಡ್ರಿ. ಆಕೆ ಕದ್ದಿಲ್ಲ ಅಂದ್ರೆ ಆ ಆಣೆ ಸುಮ್ನೆ ಬಿಡಂಗಿಲ್ಲ."

ಊರಮ್ಮನ ಗುಡಿಯ ಪೂಜಾರಿ ಮೈಲಾರಿ ಹೀಗೆಂದಾಗ ಪ್ರವೀಣ್ ಕುಮಾರ್ ನಕ್ಕುಬಿಟ್ಟ. "ಆರಿಸ್ಲಿ ಬಿಡ್ರಿ. ನಮ್ಮಂಗಡ್ಯಾಗೆ ಇನ್ವರ್ಟರ್ ಐತೆ."

ತ್ಯಾವಣಿಗೆಯಿಂದ ಬಂದು ಜಗಳೂರಿನಲ್ಲಿ ಬಟ್ಟೆ ಅಂಗಡಿ ತೆರೆದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಈ ಊರಿನ ಆಣೆ-ಪ್ರಮಾಣಗಳೆಲ್ಲ ಅವನಿಗೆ ತಮಾಷೆ. ಅವನು ನಂಬಿದ್ದು ಕ್ಯಾಮೆರಾವನ್ನು. ಕಿಟಕಿಯಿಲ್ಲದ ಒಳಕೋಣೆಯಿಂದ ರೇಷ್ಮೆ ಸೀರೆಗಳು ಒಂದೊಂದಾಗಿ ಮಾಯವಾದಾಗ ಕ್ಯಾಮೆರಾ ಅಂಗಡಿಯ ತಿಪ್ಪೇಶ್ ಎರಡು ಕ್ಯಾಮೆರಾ ತಂದು ಮುಂದಿಟ್ಟಿದ್ದ.

"ಇದು ಕತ್ಲಾಗೂ ಬಣ್ಣ ತೋರಿಸ್ತೈತೆ ಅಣ್ಣ, ರೇಟು ಸ್ವಲ್ಪ ಜಾಸ್ತಿ. ಅದು ಬರೀ ಕಪ್ಪು-ಬಿಳುಪು."

"ಕಳ್ಳರ ಬಟ್ಟೆ ಬಣ್ಣ ಕಟ್ಕಂಡು ನಂಗೇನಾಗ್ಬೇಕು?" ಎಂದು ಪ್ರವೀಣ ಅಗ್ಗದ್ದನ್ನೇ ಹಾಕಿಸಿಕೊಂಡ. ದಿನವಿಡೀ ಬಣ್ಣ ಮಾರಿ ಬದುಕುವವನ ಬಾಯಲ್ಲಿ ಬಂದ ಮಾತು ನೋಡಿ ಇದು!

ಕ್ಯಾಮೆರಾ ಹಿಡಿದುಕೊಟ್ಟಿದ್ದು ಬೆನ್ನು ಮಾಡಿ ನಿಂತ ಒಬ್ಬ ಹೆಂಗಸನ್ನು. ತಲೆ ತುಂಬ ಸೆರಗು. ಬಿಳಿ ಸೀರೆ. ಅಂಗಡಿಯಲ್ಲಿ ಬಿಳಿ ಉಡುವವಳು ಕಸ ಗುಡಿಸುವ ವಿಧವೆ ಅಂತರಘಟ್ಟಮ್ಮ ಒಬ್ಬಳೇ. ಸಂತೆಯ ದಿನ, ಗಿರಾಕಿಗಳೆದುರೇ ಪ್ರವೀಣ ಅವಳನ್ನು ಕಳ್ಳಿ ಎಂದ.

ಅವಳು ವಾದಿಸಲಿಲ್ಲ. ನೇರ ಗುಡಿಗೆ ನಡೆದು, ಮೈಲಾರಿ ಬೇಡವೆಂದರೂ ಉರಿಯುವ ದೀಪವನ್ನು ಅಂಗೈಯಿಂದ ಒತ್ತಿದಳು. ಚುರ್ರೆಂದಿತು.

"ತಪ್ಪು ನಂದಾದ್ರೆ ನನ್ನ ಕಣ್ಣು ಹಿಂಗೇ ಆರ್ಲಿ. ಇನ್ಯಾರದಾದ್ರೂ ಆದ್ರೆ ಅವರದು."

ಸುಟ್ಟ ಬತ್ತಿಯ ಕಮರು ವಾಸನೆ ಹಿಂದೆಯೇ ಬಂದಿದ್ದ ಪ್ರವೀಣನ ಮೂಗಿಗೆ ಅಡರಿತು. ಮನೆಗೆ ಬಂದು ಮುಖ ತೊಳೆದರೂ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಅವನು ಗಲ್ಲಾದಲ್ಲಿ ಕೂತಿದ್ದಾಗ ಪರದೆಯ ಮೇಲೆ ಮತ್ತೆ ಆ ಬಿಳಿ ಸೀರೆ ಕಾಣಿಸಿತು. ಅಂತರಘಟ್ಟಮ್ಮ ಕೆಲಸ ಬಿಟ್ಟು ತನ್ನೂರು ಸೊಕ್ಕೆಗೆ ಹೋಗಿಯಾಗಿತ್ತು. ಎದ್ದು ಓಡಿ ಒಳಕೋಣೆಯ ಬಾಗಿಲು ತಳ್ಳಿ ದೀಪ ಹಾಕಿದ. ಅಲ್ಲಿ ನಿಂತವಳು ಹೆಂಡತಿ ಮೇಘಶ್ರೀ. ಮೈಮೇಲೆ ಅವನೇ ಕೊಡಿಸಿದ ಕಡು ಹಸಿರು ಸೀರೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಬೆಳಕು ಬೀರಿ ನೋಡುವ ಅವನ ಕ್ಯಾಮೆರಾ ಕಡು ಹಸಿರನ್ನೂ ಬಿಳಿಯೆಂದು ತೋರಿಸಿತ್ತು.

"ತಂಗಿ ಮದುವೆಗೆ ರೀ... ನಿಮ್ಮನ್ನ ಕೇಳಾಕೆ ಹೆದರಿಕೆ ಆತು" ಎಂದು ಅವಳು ಅತ್ತಳು.

ಪ್ರವೀಣ ಆಗಲೇ ಸೊಕ್ಕೆಗೆ ಹೋಗಿ ಅಂತರಘಟ್ಟಮ್ಮನ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಅಂಗಡಿಯ ಮರ್ಯಾದೆ ಹೋದೀತೆಂದು ಬಾಯಿ ಮುಚ್ಚಿಕೊಂಡ. ಅನ್ನ ಸೇರದಾಯಿತು, ನಿದ್ದೆ ಹತ್ತದಾಯಿತು, ಆದರೂ ಬಾಯಿ ಬಿಡಲಿಲ್ಲ.

ಮೊದಲು ಹೋದದ್ದು ಕೆಂಪು. ಗಿರಾಕಿ ಕುಂಕುಮ ಬಣ್ಣದ್ದು ಕೇಳಿದರೆ ಅವನ ಮುಂದೆ ಬರೀ ಬೂದಿ ರಾಶಿ. ಆಮೇಲೆ ಹಳದಿ ಹೋಯಿತು. ಹಸಿರು ಹೋಯಿತು. ಬೀದಿಯಲ್ಲಿ ಹೋಗುವ ಹೆಂಗಸರೆಲ್ಲ ಬಿಳಿ ಸೀರೆಯಲ್ಲಿ, ಅವನಿಗೆ ಬೆನ್ನು ಮಾಡಿ ನಿಂತಂತೆ ಕಂಡರು. ಅಂಚಿನಿಂದ ಕತ್ತಲು ಕವಿಯತೊಡಗಿದಾಗ ಹೆದರಿ ಸೊಕ್ಕೆಗೆ ಓಡಿದ.

ಅಂತರಘಟ್ಟಮ್ಮ ಅವನ ಮುಖ ನೋಡಲಿಲ್ಲ. "ಕದ್ದೋರ ಹೆಸರು ನಂಗೆ ಬೇಡ ಸಾವ್ಕಾರ್ರೆ. ಗುಡ್ಯಾಗೆ ನಾಕು ಜನರ ಮುಂದೆ 'ತಪ್ಪು ನಂದು' ಅನ್ರಿ. ದೀಪ ಹಚ್ರಿ. ಅಷ್ಟು ಸಾಕು."

ಶುಕ್ರವಾರ ಗುಡಿ ತುಂಬ ಜನ. ಮೇಘಶ್ರೀ ಪಕ್ಕದಲ್ಲೇ ನಿಂತಿದ್ದಳು. ಪ್ರವೀಣ ಕಡ್ಡಿ ಗೀರಿದ. ಎಲ್ಲರ ಕಣ್ಣು ಅವನ ಮೇಲೆ. ಗಿರಾಕಿಗಳು. ಪಕ್ಕದಂಗಡಿಯವರು. ಕಡ್ಡಿ ಬೆರಳ ತನಕ ಉರಿಯಿತು.

"ತಪ್ಪು..." ಎಂದ. ಇನ್ನೊಂದು ಕಡ್ಡಿ ಗೀರಿ ಬತ್ತಿಗೆ ಹಿಡಿದ. "ತಪ್ಪು ಇವಳದು. ಕದ್ದಿದ್ದು ನನ್ನ ಹೆಂಡ್ತಿ."

ಬತ್ತಿ ಹೊತ್ತಿಕೊಂಡಿತು.

ಹಳದಿ! ಉರಿಯ ಹಳದಿ ಕಂಡಿತು. ಊರಮ್ಮನ ಹಣೆಯ ಕುಂಕುಮ ಕಂಡಿತು. ಮೂಗಿನ ಕಮರು ವಾಸನೆ ಹೋಯಿತು. ಪ್ರವೀಣ ಕುಣಿದಾಡುವಷ್ಟು ಹಿಗ್ಗಿದ. ಆಗಲೇ ಒಂದು ತಣ್ಣನೆಯ ಕೈ ತಡವರಿಸುತ್ತ ಬಂದು ಅವನ ತೋಳು ಹಿಡಿಯಿತು.

"ರೀ," ಎಂದಳು ಮೇಘಶ್ರೀ, "ಇನ್ನೂ ಹಚ್ಚಲಿಲ್ವಾ ದೀಪ?"