ಖಾಲಿ ಕೋಣೆಯ ಒಂದು ನಿಮಿಷ

ಧ್ವನಿಮುದ್ರಣ ನನ್ನ ಕಸುಬು. ಕಿವಿಗೆ ಬಿದ್ದದ್ದನ್ನಷ್ಟೇ ನಂಬುವವನು ನಾನು. ಅಂದು ಮಧ್ಯಾಹ್ನ ಅನುಭಾವದ ಬಗ್ಗೆ ಮಾತಾಡಲು ಒಬ್ಬ ಸನ್ಯಾಸಿ, ಒಬ್ಬ ಬೌದ್ಧ ಭಿಕ್ಷುಣಿ, ಒಬ್ಬ ಫಕೀರ ಬೇರೆ ಬೇರೆಯಾಗಿ ಬಂದುಹೋದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. "ಆ ಹೊತ್ತಲ್ಲಿ ಏನಾಗುತ್ತೆ?" ಎಂದು ಕೇಳಿದರೆ ಮೂವರದ್ದೂ ಒಂದೇ ಉತ್ತರ: "ಉಸಿರಾಡ್ತಾ ಇರೋದು ನಾನಲ್ಲ ಅಂತ ಗೊತ್ತಾಗುತ್ತೆ."

ಎಲ್ಲರೂ ಹೋದಮೇಲೆ ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿಕೊಳ್ಳುವುದು ನಮ್ಮ ರೂಢಿ. ಕತ್ತರಿಸಿದ ಮಾತುಗಳ ನಡುವೆ ತುಂಬಲು ಬೇಕಾಗುತ್ತದೆ. ಮೈಕಿನ ಪಕ್ಕ ಕೂತು ಮುದ್ರಿಸಿದೆ. ಕೇಳಿದರೆ ಅದರಲ್ಲಿ ನಿಧಾನವಾದ ಉಸಿರಿತ್ತು. ನನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದು ಮತ್ತೆ ಮುದ್ರಿಸಿದೆ. ಅದು ನಿಂತಿರಲಿಲ್ಲ. ಮೈಕನ್ನು ಒಳಗೇ ಬಿಟ್ಟು ನಾನು ಹೊರಗೆ ಬಂದು, ಬಾಗಿಲು ಹಾಕಿ ಮುದ್ರಿಸಿದೆ. ಆಗ ಏನೂ ಇರಲಿಲ್ಲ.

ಹೆಂಡತಿಗೆ ಹೇಳಿದರೆ ನಕ್ಕಳು. "ನಿಮಗೆಲ್ಲೋ ಭ್ರಾಂತು, ಬನ್ನಿ ನೋಡೇ ಬಿಡೋಣ" ಎಂದು ನನ್ನ ಮೂಗು, ಬಾಯಿ ಎರಡನ್ನೂ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ನಗು ಇಂಗಿತು. ನನ್ನ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು.

ಈಗ ಅವಳು ಮಗಳ ಜೊತೆ ಬೇರೆ ಕೋಣೆಯಲ್ಲಿ ಮಲಗುತ್ತಾಳೆ, ಒಳಗಿಂದ ಚಿಲಕ ಹಾಕಿಕೊಂಡು.